ನಾಲಿಗೆಯಿಂದ ಮೂಸುವ ಹಾವು

ಪಂಚಮಿ ಹತ್ತಿರ ಬಂತೆಂದರೆ ಐನಾಪುರ, ಚಿಂಚೋಳಿ ಕಡೆ ಹಾವಿನ ಮಾತು ಶುರು. ಈಗ ಮೊಬೈಲಿನಲ್ಲಿ ಹೆಬ್ಬಾವನ್ನು ಕೊರಳಿಗೆ ಸುತ್ತಿಕೊಂಡವರ, ನಾಗರಹಾವಿನ ಹೆಡೆಗೆ ಮುತ್ತಿಡುವವರ ವಿಡಿಯೊಗಳೂ ಹರಿದಾಡುತ್ತವೆ. ‘ಸಾಕಿದರೆ ಹಾವು ನಮ್ಮನ್ನು ಗುರುತು ಹಿಡಿಯುತ್ತದೆಯೇ?’ ಎಂಬುದು ಓದುಗರೊಬ್ಬರ ಪ್ರಶ್ನೆ. ಉತ್ತರ ಹುಡುಕಲು ಅದರ ನಾಲಿಗೆಯಿಂದಲೇ ಹೊರಡಬೇಕು.

ಹಾವು ನಾಲಿಗೆ ಚಾಚುವುದು ಹೆದರಿಸಲಿಕ್ಕಲ್ಲ, ಮೂಸಲಿಕ್ಕೆ. ನಾಲಿಗೆಯ ತುದಿಗೆ ಅಂಟಿದ ವಾಸನೆಯ ಕಣಗಳು ಬಾಯೊಳಗೆ ಬಂದು, ಅಂಗುಳಿನ ಮೇಲಿರುವ ಜೋಡಿ ಅಂಗವನ್ನು ಸೇರುತ್ತವೆ. 19ನೇ ಶತಮಾನದ ಆರಂಭದಲ್ಲಿ ಡೆನ್ಮಾರ್ಕಿನ ಲುಡ್ವಿಗ್ ಜಾಕಬ್ಸನ್ ಇದನ್ನು ಸಸ್ತನಿಗಳಲ್ಲಿ ವಿವರಿಸಿದ. ಅದಕ್ಕೇ ಜಾಕಬ್ಸನ್ ಅಂಗ ಎಂಬ ಹೆಸರು. ನಾಲಿಗೆ ಸೀಳಿರುವುದೇಕೆ ಎಂಬುದಕ್ಕೆ 1994ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಕರ್ಟ್ ಶ್ವೆಂಕ್ ಕೊಟ್ಟ ವಿವರಣೆ ನನಗೆ ಬಹಳ ಇಷ್ಟ. ಎರಡು ಕಿವಿ ಇರುವುದರಿಂದ ಸದ್ದು ಯಾವ ಕಡೆಯದೆಂದು ನಮಗೆ ತಿಳಿಯುವ ಹಾಗೆ, ಎರಡು ತುದಿ ಇರುವುದರಿಂದ ವಾಸನೆ ಯಾವ ಕಡೆಯದೆಂದು ಹಾವಿಗೆ ತಿಳಿಯುತ್ತದೆ. ತೊಗರಿ ಹೊಲದ ಬದುವಿನಲ್ಲಿ ಇಲಿ ಓಡಿದ ಜಾಡು ಎಡತುದಿಗೆ ಗಾಢವಾಗಿ ತಾಗಿದರೆ ಹಾವು ಎಡಕ್ಕೆ ಹೊರಳುತ್ತದೆ.

ಇಲಿ ಮುಟ್ಟಿದ ಕೈ ಅದಕ್ಕೆ ಇಲಿಯೇ. ನೋಂದಣಿ ಮಾಡಿಸಿ ವಿದೇಶಿ ಹೆಬ್ಬಾವು ಬಾಲ್ ಪೈಥಾನ್ ಸಾಕಿದವರು ಕಚ್ಚಿಸಿಕೊಳ್ಳುವುದು ಅನೇಕ ಸಲ ಹೀಗೆ. ಕೈ ತೊಳೆದುಕೊಂಡು, ತಲೆಯ ಮೇಲಿನಿಂದಲ್ಲ, ಪಕ್ಕದಿಂದ ನಿಧಾನವಾಗಿ ಎತ್ತಿ, ಇಡೀ ಮೈಗೆ ಆಸರೆ ಕೊಡಬೇಕು. ಕುತ್ತಿಗೆ ಬಾಗಿಸಿ ಹಿಂದೆಳೆದುಕೊಂಡರೆ, ಕಣ್ಣು ಮಂಜಾಗಿ ಪೊರೆ ಬಿಡುವ ಹೊತ್ತಾದರೆ, ಉಂಡು ಎರಡು ದಿನ ಕಳೆಯದಿದ್ದರೆ ಮುಟ್ಟಬಾರದು. ಮುಟ್ಟಿದ ಮೇಲೂ ಕೈ ತೊಳೆಯಬೇಕು, ಸಾಲ್ಮೊನೆಲ್ಲಾ ಸೋಂಕಿನ ಭಯವಿದೆ. ಮತ್ತೆ ಮತ್ತೆ ಎತ್ತಿಕೊಂಡವರ ವಾಸನೆಗೆ ಹಾವು ಒಗ್ಗುತ್ತದೆ, ಹೆದರಿಕೆ ಕಡಿಮೆಯಾಗುತ್ತದೆ. ಅದನ್ನು ಪ್ರೀತಿ ಎನ್ನಲು ನನಗೆ ಆಧಾರ ಕಾಣುವುದಿಲ್ಲ.

ನಮ್ಮ ನಾಗರ, ಕೇರೆಗಳ ಮಾತೇ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅವನ್ನು ಸಾಕುವುದೇ ಅಪರಾಧ. ಶಹಾಬಾದ್ ಫರಸಿಯ ಸಂದಿಯಲ್ಲಿ ಹಾವು ಕಂಡರೆ ದೂರ ಸರಿದು ಅರಣ್ಯ ಇಲಾಖೆಗೆ ತಿಳಿಸಿ. ಅದು ಹೆಡೆ ಎತ್ತುವುದು, ಬುಸುಗುಟ್ಟುವುದು ದೂರ ಹೋಗೆಂದು ಹೇಳಲಿಕ್ಕೆ. ಕಚ್ಚಿದರೆ ಗಾಯ ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಕಚ್ಚಿಸಿಕೊಂಡವರನ್ನು ಅಲುಗಾಡಲು ಬಿಡದೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಹಾವು ಯಾವುದೆಂದು ಹುಡುಕುತ್ತ ನಿಲ್ಲಬೇಡಿ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕರ ವಿಷಕ್ಕೂ ನಮ್ಮಲ್ಲಿ ಕೊಡುವುದು ಒಂದೇ ಮದ್ದು.