ಲಾಲಿಪಾಪಿನೊಳಗೆ ಐದು ಸೆಕೆಂಡು

ಆ ಗಾಜಿನ ಪಾತ್ರೆಯನ್ನು ಕಂಡರೆ ಜಾತ್ರೆಯ ಕಡ್ಡಿಮಿಠಾಯಿ ನೆನಪಾಗುತ್ತದೆ. ದುಂಡಗೆ, ಚಪ್ಪಟೆಯಾಗಿದೆ, ಕೆಳಗೆ ಕಡ್ಡಿಯಂಥ ಕೊಳವೆ, ಕೊಳವೆಗೊಂದು ಗಾಜಿನ ನಲ್ಲಿ. ಒಳಗೆ ಪಾಚಿಗಟ್ಟಿದ ಕೆರೆಯ ನೀರಿನಂಥದೇ ಹಸಿರು. ಎರಡೂ ಬದಿಯಿಂದ ದೀಪದ ಬೆಳಕು ಬೀಳುತ್ತಿದೆ. ಪಾತ್ರೆ ಇಷ್ಟು ತೆಳ್ಳಗಿರುವುದು ಅದಕ್ಕಾಗಿಯೇ: ಮುಂದಿನ ಪಾಚಿಯ ನೆರಳು ಹಿಂದಿನದರ ಮೇಲೆ ಬೀಳಬಾರದು.

ಮೇಲಿನಿಂದ ವಿಕಿರಣಶೀಲ ಇಂಗಾಲದ ದ್ರಾವಣ ಒಳಗಿಳಿಯುತ್ತದೆ. ಒಂದು, ಎರಡು, ಮೂರು, ನಾಲ್ಕು, ಐದು. ನಲ್ಲಿ ತಿರುಗುತ್ತದೆ. ಹಸಿರು ನೀರು ಕೆಳಗಿನ ಬಿಸಿ ಆಲ್ಕೊಹಾಲಿಗೆ ಸುರಿದು, ಪಾಚಿ ಆ ಕ್ಷಣವೇ ಸಾಯುತ್ತದೆ. ಉಣ್ಣುತ್ತಿದ್ದವನ ಕೈತುತ್ತು ಬಾಯಿಯ ಹತ್ತಿರವೇ ನಿಂತಂತೆ, ಐದನೇ ಸೆಕೆಂಡಿನಲ್ಲಿ ಇಂಗಾಲ ಎಲ್ಲಿತ್ತೋ ಅಲ್ಲೇ ಸಿಕ್ಕಿಬೀಳುತ್ತದೆ.

ಗಾಳಿಯ ಇಂಗಾಲ ಗಿಡದಲ್ಲಿ ಹೇಗೆ ಸಕ್ಕರೆಯಾಗುತ್ತದೆ ಎಂಬ ಹುಡುಕಾಟವಿದು. ಕಾಲ 1940ರ ದಶಕದ ಕೊನೆ. ಜಾಗ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಒಂದು ಹಳೆಯ ಮರದ ಕಟ್ಟಡ. ಅರ್ನೆಸ್ಟ್ ಲಾರೆನ್ಸ್ ಅವರ 37 ಇಂಚಿನ ಸೈಕ್ಲೋಟ್ರಾನ್ ಯಂತ್ರ ಇದ್ದ ಮನೆ ಅದು. ರಸಾಯನಶಾಸ್ತ್ರಜ್ಞ ಮೆಲ್ವಿನ್ ಕ್ಯಾಲ್ವಿನ್ ಕರೆ ಕಳಿಸಿದ್ದರಿಂದ, 1946ರಲ್ಲಿ ಅಲ್ಲಿ ಪ್ರಯೋಗಾಲಯ ಕಟ್ಟಲು ಬಂದವರು ಆಂಡ್ರ್ಯೂ ಬೆನ್ಸನ್. ಮೊಡೆಸ್ಟೊ ಊರಿನ ಹಳ್ಳಿ ಡಾಕ್ಟರೊಬ್ಬರ ಮಗ. ಆ ಲಾಲಿಪಾಪ್ ಅವರದೇ ಕೈಚಳಕ.

ಬೆನ್ಸನ್‌ಗೆ ಈ ಜಾಗ ಹೊಸದಲ್ಲ. ಯುದ್ಧದ ದಿನಗಳಲ್ಲಿ ಇಲ್ಲೇ ಸ್ಯಾಮ್ ರೂಬೆನ್ ಮತ್ತು ಮಾರ್ಟಿನ್ ಕೇಮನ್ ಜೊತೆ ದುಡಿದಿದ್ದರು. ಆ ಇಬ್ಬರ ಕೈಯಲ್ಲಿ ಮೊದಲಿಗೆ ಇದ್ದದ್ದು ಇಂಗಾಲ-11. ಇಪ್ಪತ್ತು ನಿಮಿಷಕ್ಕೆ ಅರ್ಧ ಕರಗಿಹೋಗುವ ಸರಕು ಅದು, ಪ್ರಯೋಗವೆಂದರೆ ಓಟವೇ. 1940ರ ಫೆಬ್ರುವರಿಯಲ್ಲಿ ಅವರಿಗೆ ಇಂಗಾಲ-14 ಸಿಕ್ಕಿತು. ಅದು ಅರ್ಧವಾಗಲು ಬೇಕು 5,730 ವರ್ಷ. ಯುದ್ಧದ ಕೆಲಸಕ್ಕೆ ಹೋಗುವಾಗ ರೂಬೆನ್ ತಮ್ಮಲ್ಲಿದ್ದ ಇಂಗಾಲ-14ನ್ನು ಬೆನ್ಸನ್ ಕೈಗಿಟ್ಟರು. 1943ರಲ್ಲಿ ಫಾಸ್ಜೀನ್ ಎಂಬ ವಿಷಾನಿಲ ತಗುಲಿ ರೂಬೆನ್ ತೀರಿಕೊಂಡರು. ವಯಸ್ಸು 29.

ಮತ್ತೆ ಲಾಲಿಪಾಪಿಗೆ ಬರೋಣ. ಸತ್ತ ಪಾಚಿಯ ರಸವನ್ನು ದೊಡ್ಡ ಸೋಸುಕಾಗದದ ಒಂದು ಮೂಲೆಗೆ ತೊಟ್ಟಿಕ್ಕುತ್ತಾರೆ. ಕಾಗದದ ಅಂಚು ಫೀನಾಲ್ ಬೆರೆತ ನೀರಿಗೆ ತಾಗಿದೆ. ಹಳೆಯ ಆಸ್ಪತ್ರೆಯ ನೆಲ ಒರೆಸಿದಾಗಿನ ವಾಸನೆ. ದ್ರವ ಕಾಗದದ ಉದ್ದಕ್ಕೂ ಹೀರುತ್ತ ಸಾಗುವಾಗ ಒಂದೊಂದು ವಸ್ತುವನ್ನು ಒಂದೊಂದು ದೂರಕ್ಕೆ ಎಳೆದೊಯ್ಯುತ್ತದೆ. ಒಣಗಿಸಿ, ಕಾಗದವನ್ನು ಅಡ್ಡ ತಿರುಗಿಸಿ, ಇನ್ನೊಂದು ದ್ರಾವಣದಲ್ಲಿ ಮತ್ತೆ ಅದೇ ಕೆಲಸ. ಕೊನೆಗೆ ಉಳಿಯುವುದು ನೋಡಲು ಏನೂ ಇಲ್ಲದ ಖಾಲಿ ಹಾಳೆ.

ಆ ಖಾಲಿ ಹಾಳೆಗೆ ಎಕ್ಸ್-ರೇ ಫಿಲ್ಮು ಒತ್ತಿ ಕತ್ತಲಲ್ಲಿಡಬೇಕು. ಐದು ಸೆಕೆಂಡಿನ ಪ್ರಯೋಗಕ್ಕೆ ಎರಡು ವಾರದ ಕಾಯುವಿಕೆ. ಫಿಲ್ಮು ತೊಳೆದಾಗ ಕಪ್ಪು ಚುಕ್ಕೆಗಳು ಮೂಡುತ್ತವೆ. ವಿಕಿರಣಶೀಲ ಇಂಗಾಲ ಹೊಕ್ಕ ವಸ್ತು ತಾನಿದ್ದಲ್ಲೇ ಸಹಿ ಹಾಕಿರುತ್ತದೆ. ಅರ್ಧ ನಿಮಿಷ ಬಿಟ್ಟ ಪಾಚಿಯ ಫಿಲ್ಮಿನ ತುಂಬ ಚುಕ್ಕೆಗಳು. ಕಾಲ ಕಡಿಮೆ ಮಾಡಿದಷ್ಟೂ ಅವು ಒಂದೊಂದಾಗಿ ಮಾಯ. ಕೆಲವೇ ಸೆಕೆಂಡಿನ ಫಿಲ್ಮಿನಲ್ಲಿ ಎದ್ದು ಕಾಣುವುದು ಒಂದೇ: ಫಾಸ್ಫೋಗ್ಲಿಸರಿಕ್ ಆಮ್ಲ. ಗಾಳಿಯಿಂದ ಬಂದ ಇಂಗಾಲ ಗಿಡದೊಳಗೆ ಮೊದಲು ಕಾಲಿಟ್ಟ ಹೊಸ್ತಿಲು ಅದು.

ಕೋಣೆಯ ನಡುವಿನ ದೊಡ್ಡ ಬಿಳಿ ಮೇಜಿನ ಮೇಲೆ ಫಿಲ್ಮುಗಳನ್ನು ಹರವಿಕೊಂಡು ಚರ್ಚೆ ನಡೆಯುತ್ತದೆ. ಈ ಆಮ್ಲದಲ್ಲಿ ಮೂರು ಇಂಗಾಲ. ಹೊಸದಾಗಿ ಬಂದದ್ದು ಒಂದು. ಹಾಗಾದರೆ ಅದನ್ನು ಬರಮಾಡಿಕೊಂಡ ವಸ್ತುವಿನಲ್ಲಿ ಎರಡಿರಬೇಕಲ್ಲ? ಆ ಎರಡಿಂಗಾಲದ ವಸ್ತು ಎಷ್ಟು ಹುಡುಕಿದರೂ ಸಿಗಲಿಲ್ಲ. ಕಡೆಗೆ ಸಿಕ್ಕಿದ್ದು ಐದಿಂಗಾಲದ ಸಕ್ಕರೆ, ರಿಬ್ಯುಲೋಸ್ ಬಿಸ್‌ಫಾಸ್ಫೇಟ್. ಐದಕ್ಕೊಂದು ಕೂಡಿ ಆರು. ಆರು ಮುರಿದು ಮೂರು, ಮೂರು. ಆ ಮೂರುಗಳೇ ಸುತ್ತಿ ಬಳಸಿ ಮತ್ತೆ ಐದಾಗುತ್ತವೆ. ಸುತ್ತಿನ ನಡುವೆ ಉಳಿದದ್ದು ಸಕ್ಕರೆಯಾಗಿ ಹೊರಬೀಳುತ್ತದೆ. ಲೆಕ್ಕ ತಾಳೆಯಾಯಿತು. ನಾವು ಉಣ್ಣುವ ಅನ್ನ, ರಾಗಿಮುದ್ದೆ ಎಲ್ಲ ಈ ಚಕ್ರ ತಿರುಗಿದ್ದರಿಂದ ಬಂದದ್ದು.

1954ರಲ್ಲಿ ಚಕ್ರದ ಪೂರ್ತಿ ನಕ್ಷೆ ಅಚ್ಚಾಯಿತು. ಬರೆದವರ ಸಾಲಿನಲ್ಲಿ ತಂಡದ ಜೇಮ್ಸ್ ಬ್ಯಾಶಮ್, ಬೆನ್ಸನ್, ಕ್ಯಾಲ್ವಿನ್ ಎಲ್ಲರೂ ಇದ್ದರು. ಅದೇ ವರ್ಷ ಬೆನ್ಸನ್ ಬರ್ಕ್ಲಿ ಬಿಡಬೇಕಾಯಿತು. ನೀನಿನ್ನು ಹೊರಡುವ ಹೊತ್ತಾಯಿತು ಎಂದವರು ಕ್ಯಾಲ್ವಿನ್. 1961ರ ರಸಾಯನಶಾಸ್ತ್ರದ ನೊಬೆಲ್ ಕ್ಯಾಲ್ವಿನ್ ಒಬ್ಬರಿಗೇ ಬಂತು. ತಂಡ ಕಟ್ಟಿ ನಡೆಸಿದ್ದು ಅವರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ 1992ರಲ್ಲಿ ಅವರು ಬರೆದ ಆತ್ಮಕಥೆಯಲ್ಲೂ ಬೆನ್ಸನ್ ಹೆಸರಿಗೆ ಜಾಗ ಸಿಗಲಿಲ್ಲ.

ಬೆನ್ಸನ್ ಕೈಕಟ್ಟಿ ಕೂರಲಿಲ್ಲ. ಅದೇ ಸೋಸುಕಾಗದ, ಅದೇ ಫಿಲ್ಮು ಹಿಡಿದು ಎಲೆಗಳಲ್ಲಿ ಗಂಧಕವಿರುವ ಹೊಸ ಕೊಬ್ಬನ್ನು ಕಂಡುಹಿಡಿದರು. 1962ರಲ್ಲಿ ಸ್ಕ್ರಿಪ್ಸ್ ಸಾಗರ ಸಂಸ್ಥೆ ಸೇರಿ, ಕಡಲಿನ ಸಣ್ಣ ಜೀವಿಗಳು ಮೈಯಲ್ಲಿ ಮೇಣ ಕೂಡಿಟ್ಟುಕೊಳ್ಳುವ ಬಗೆಯನ್ನು ಬಿಡಿಸಿದರು. 2015ರ ಜನವರಿಯಲ್ಲಿ ತೀರಿಕೊಂಡಾಗ ಅವರಿಗೆ 97. ಲಾಲಿಪಾಪಿನ ನಲ್ಲಿ ತಿರುಗಿದ ಆ ಮರದ ಕಟ್ಟಡ ಅದಕ್ಕೂ ಎಷ್ಟೋ ಮೊದಲೇ ನೆಲಸಮವಾಗಿತ್ತು.

ನಮ್ಮ ಪಿಯುಸಿ ಜೀವಶಾಸ್ತ್ರದ ಪುಟದಲ್ಲಿ ಇದು ‘ಕ್ಯಾಲ್ವಿನ್ ಚಕ್ರ’. ಮೇಷ್ಟ್ರುಗಳಲ್ಲಿ ಒಂದೇ ಕೋರಿಕೆ: ಕಪ್ಪುಹಲಗೆಯ ಮೇಲೆ ಆ ಚಕ್ರ ಬರೆಯುವಾಗ ಬೆನ್ಸನ್, ಬ್ಯಾಶಮ್ ಎಂಬ ಇನ್ನೆರಡು ಹೆಸರನ್ನೂ ಪಕ್ಕದಲ್ಲಿ ಬರೆಯಿರಿ. ಐದು ಸೆಕೆಂಡು ಸಾಕು.