ಅಂಗಳದ ಸೈಕಲ್ಲಿನ ಮೇಲೂ ಒಂದು ಕಣ್ಣಿರಲಿ

“ಸೈಕಲ್ ರಿಪೇರಿ ಗಂಡಸರ ಕೆಲಸ, ನಮಗ್ಯಾಕ ಅದರ ಉಸಾಬರಿ?” ಎನ್ನುವಿರಾ? ಹೋದ ಮಳೆಗಾಲದ ತನಕ ನಾನೂ ಹೀಗೇ ಅನ್ನುತ್ತಿದ್ದೆ.

ನಮ್ಮದು ಯಲವಿಗಿ. ಮಗಳು ಸವಣೂರಿಗೆ ಕಾಲೇಜಿಗೆ ಹೋಗುತ್ತಾಳೆ. ಮೊದಲ ಪಾಠದ ಹೊತ್ತಿಗೆ ಬಸ್ಸು ಹೊಂದುವುದಿಲ್ಲ. ಹುಬ್ಬಳ್ಳಿಯ ನಮ್ಮಣ್ಣನ ಮಗ ಬಳಸಿ ಬಿಟ್ಟಿದ್ದ ದಪ್ಪ ಟೈರಿನ ಗೇರ್ ಸೈಕಲ್ಲು, ಅದೇ ಮಕ್ಕಳು ‘ಮೌಂಟನ್ ಬೈಕ್’ ಅನ್ನುತ್ತಾರಲ್ಲ, ಅದು ನಮ್ಮ ಮನೆಗೆ ಬಂತು. ಮಗಳಿಗೆ ರೆಕ್ಕೆ ಬಂದಷ್ಟು ಖುಷಿ.

ಒಂದು ದಿನ ಸೈಕಲ್ಲು ಕಿರ್‌ಗುಡುತ್ತದೆಂದು ನಾನೇ ಕೊಬ್ಬರಿ ಎಣ್ಣೆ ಬಟ್ಟಲು ಹಿಡಿದು ಕೂತೆ. ಚೈನಿಗೆ, ಬ್ರೇಕಿಗೆ, ಗಾಲಿಯ ರಿಮ್ಮಿಗೆ, ಎಲ್ಲಕ್ಕೂ ಧಾರಾಳವಾಗಿ ಸವರಿದೆ. ಮರುದಿನ ಮಗಳು ಮೊಣಕಾಲು ತರಚಿಕೊಂಡು ಮನೆಗೆ ಬಂದಳು. “ಯವ್ವಾ, ಬ್ರೇಕ್ ಹಿಡೀಲೇ ಇಲ್ಲ. ಎದುರಿಗೆ ಟ್ರ್ಯಾಕ್ಟರ್ ಇತ್ತು, ಹೊಲದಾಗ ಇಳಿಸಿಬಿಟ್ಟೆ,” ಎಂದಳು. ನನ್ನ ಕೈಕಾಲು ತಣ್ಣಗಾದವು. ತಪ್ಪು ನನ್ನದೇ. ಇವರಂತೂ “ಸಾಕು, ನಾಳಿಂದ ಸೈಕಲ್ ಬ್ಯಾಡ” ಎಂದುಬಿಟ್ಟರು. ಸೈಕಲ್ ನಿಂತರೆ ಮೊದಲ ಪಾಠ ತಪ್ಪುತ್ತದೆ. ಪಾಠ ತಪ್ಪಿದರೆ ಕಾಲೇಜೇ ತಪ್ಪೀತು ಎಂಬ ಭಯ ನನಗೆ. ಅಂದಿನಿಂದ ಕೇಳಿ, ನೋಡಿ, ಅಳೆದು ಕಲಿತದ್ದನ್ನು ನಿಮಗೂ ಹೇಳುತ್ತೇನೆ.

ಬ್ರೇಕು: ಬ್ರೇಕಿನ ರಬ್ಬರು ಉಜ್ಜುವ ರಿಮ್ಮಿಗೆ ಎಂದೂ ಎಣ್ಣೆ ತಾಗಬಾರದು. ತಾಗಿದರೆ ಬಿಸಿ ಸೋಪಿನ ನೀರಿನಿಂದ ಜಿಡ್ಡು ಹೋಗುವತನಕ ತೊಳೆದು ಒರೆಸಿ. ರಬ್ಬರನ್ನು ಸ್ಯಾಂಡ್ ಪೇಪರಿನಿಂದ ಹಗುರಾಗಿ ಉಜ್ಜಿ. ಗಾಲಿಯ ನಡುವೆ ತಟ್ಟೆಯಂಥ ಡಿಸ್ಕ್ ಬ್ರೇಕ್ ಇದ್ದರೆ ಇನ್ನೂ ಎಚ್ಚರ ಬೇಕು. ಅದರ ಪ್ಯಾಡು ಎಣ್ಣೆ ಕುಡಿದರೆ ಬದಲಿಸುವುದೇ ಲೇಸು.

ಎಣ್ಣೆ: ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗುತ್ತದೆ, ಧೂಳು ಕೂಡಿ ಅಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಸಾಕು. ಮೊದಲು ಚೈನಿನ ಎರೆಮಣ್ಣನ್ನು ಒಣಗಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ. ಆಮೇಲೆ ಒಂದೊಂದು ಗುಂಡಿಗೆ ಒಂದೊಂದೇ ಹನಿ ಬಿಟ್ಟು, ಪೆಡಲು ಹಿಂದಕ್ಕೆ ತಿರುಗಿಸಿ, ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿಬಿಡಿ. ಒಳಗೆ ಎಣ್ಣೆ ಇರಬೇಕು, ಹೊರಗೆ ಒಣಗಿರಬೇಕು.

ಟೈರು: ಇಲ್ಲಿ ನಾನು ದುಡ್ಡು ಕಳೆದುಕೊಂಡೆ. ಹಿಂದಿನ ಟೈರು ಸವೆದಿತ್ತು. ಮನೆಯ ಹಳೇ ಲೇಡೀಸ್ ಸೈಕಲ್ಲಿನದೂ 26, ಇದೂ 26. ಅದೇ ಅಳತೆ ಹೇಳಿ ಹೊಸದು ತರಿಸಿದೆ. ಗಾಲಿಗೆ ಹಾಕಿದರೆ ಬಳೆ ಅಂಗಡಿಯಲ್ಲಿ ಅಳತೆ ತಪ್ಪಿದ ಹಾಗೆ, ಲೊಡಲೊಡ! ಆಗ ತಿಳಿಯಿತು, 26 ಅಂದರೆಲ್ಲ ಒಂದೇ ಅಲ್ಲ. 26×1 3/8 ಎಂಬ ಟೈರು ಕೂರುವ ರಿಮ್ಮಿನ ಅಳತೆ 590 ಮಿಲಿಮೀಟರ್, 26×1.75, 26×1.95 ಎಂದು ಚುಕ್ಕಿ ಹಾಕಿ ಬರೆದದ್ದಕ್ಕೆ 559. ಒಂದಂಗುಲಕ್ಕೂ ಮಿಕ್ಕಿದ ವ್ಯತ್ಯಾಸ! ಟೈರಿನ ಪಕ್ಕದಲ್ಲಿ 37-590, 47-559 ಎಂಬಂತೆ ಸಣ್ಣಗೆ ಅಚ್ಚಾಗಿರುತ್ತದೆ. ಮೊದಲಿನದು ಅಗಲ, ಅದು ತುಸು ಹೆಚ್ಚುಕಡಿಮೆಯಾದರೂ ನಡೆದೀತು. ಎರಡನೆಯದು ಮಾತ್ರ ತಂತು ತಪ್ಪದೆ ಹೊಂದಬೇಕು.

ಗಾಳಿ: ಹಳೇ ಸೈಕಲ್ಲಿನ ಟ್ಯೂಬಿಗೆ ವಾಲ್ ಟ್ಯೂಬ್ ಬೇಕು. ಇಂಥ ಸೈಕಲ್ಲಿಗೆ ಬಹಳ ಸಲ ಮೋಟಾರ್ ಸೈಕಲ್ಲಿನಂಥ ದಪ್ಪ ವಾಲ್ ಇರುತ್ತದೆ. ಹೊಸ ಟ್ಯೂಬು ತರುವಾಗ ವಾಲು ರಿಮ್ಮಿನ ತೂತಿಗೆ ಹೊಂದುವುದೇ ನೋಡಿ. ಎಷ್ಟು ಗಾಳಿ ಬೇಕೆಂದು ಟೈರಿನ ಮೇಲೆಯೇ ಬರೆದಿರುತ್ತದೆ.

ಚೈನು: ಸಾದಾ ಸೈಕಲ್ಲಿನ ಚೈನಿನ ಒಳಗಲ 1/8 ಅಂಗುಲ, ಹಿಂದೆ ಆರೇಳು ಗೇರಿದ್ದರೆ 3/32. ಒಂದಕ್ಕೊಂದು ಆಗಿಬರುವುದಿಲ್ಲ. ಸವೆದಿದೆಯೇ ನೋಡಲು ಮಕ್ಕಳ ಉದ್ದನೆಯ ಸ್ಕೇಲು ತನ್ನಿ. ಒಂದು ಪಿನ್ನಿನ ನಡುವಿಗೆ ಸೊನ್ನೆ ಹಿಡಿದರೆ, ಹೊಸ ಚೈನಿನಲ್ಲಿ 12 ಅಂಗುಲದ ಗೆರೆಗೆ ಇನ್ನೊಂದು ಪಿನ್ನು ಸರಿಯಾಗಿ ಕೂರುತ್ತದೆ. 1/16 ಅಂಗುಲ ಮುಂದೆ ಹೋಗಿದ್ದರೆ ಬದಲಿಸಿ. 1/8 ಹೋಗಿದ್ದರೆ ಅದು ಗೇರಿನ ಹಲ್ಲನ್ನೂ ತಿಂದಿರುತ್ತದೆ. ಆಗ ಚೈನೊಂದನ್ನೇ ಹೊಸದು ಹಾಕಿದರೆ ತುಳಿದಾಗ ಜಾರುತ್ತದೆ. ಸಕಾಲಕ್ಕೆ ಚೈನು ಬದಲಿಸಿದವರಿಗೆ ಗೇರಿನ ಖರ್ಚು ಉಳಿಯಿತು.

ಪೆಡಲು: ಎಡಗಡೆಯ ಪೆಡಲಿನ ತಿರುಪು ಉಲ್ಟಾ. ಬಿಗಿ ಮಾಡಲು ಎಡಕ್ಕೆ ತಿರುಗಿಸಬೇಕು. ಗೊತ್ತಿಲ್ಲದೆ ಬಲವಂತ ಮಾಡಿದರೆ ಎಳೆಯೇ ಕೆಡುತ್ತದೆ.

ಇಂಥ ಸೈಕಲ್ಲು ಹುಟ್ಟಿದ್ದೇ ಇಂಥ ಪರದಾಟದಲ್ಲಂತೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1970ರ ದಶಕದಲ್ಲಿ ಹುಡುಗರು ದಪ್ಪ ಟೈರಿನ ಹಳೇ ಸೈಕಲ್ಲುಗಳನ್ನು ಗುಡ್ಡದಿಂದ ಇಳಿಸುತ್ತಿದ್ದರು. ಹಿಂದಿನ ಗಾಲಿಯ ಹಬ್ಬಿನೊಳಗಿನ ಬ್ರೇಕು ಕಾದು, ಗ್ರೀಸೆಲ್ಲ ಹೊಗೆಯಾಗಿ, ಮತ್ತೆ ತುಂಬಬೇಕಾಗುತ್ತಿತ್ತು. 1976ರ ಅಕ್ಟೋಬರ್ 21ರಂದು ಅವರು ಶುರುಮಾಡಿದ ಪಂದ್ಯಕ್ಕೆ ಅದರಿಂದಲೇ ‘ರೀಪ್ಯಾಕ್’ ಎಂಬ ಹೆಸರು ಬಂತು. ಅವರಿವರ ಸೈಕಲ್ಲಿನ ಬಿಡಿಭಾಗ ಕೂಡಿಸಿಯೇ ಅವರು ಹೊಸ ಸೈಕಲ್ಲು ಕಟ್ಟಿದ್ದು. ನಮ್ಮ ರಾಜ್ಯದಲ್ಲಂತೂ 2006–07ರಲ್ಲಿ ಸರಕಾರ ಎಂಟನೆಯ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದ ಮೇಲೆ ಎಷ್ಟೋ ಮನೆಯ ಅಂಗಳಕ್ಕೆ ಸೈಕಲ್ಲು ಬಂತು. ಸೈಕಲ್ಲು ಬಂದಮೇಲೆ ಅದರ ಜೋಪಾನವೂ ಬರಬೇಕಲ್ಲವೇ?

ಮಗಳು ಈಗ ಮತ್ತೆ ಸೈಕಲ್ಲಿನಲ್ಲೇ ಹೋಗುತ್ತಾಳೆ. ದಿನಾ ಬೆಳಿಗ್ಗೆ ರೊಟ್ಟಿ ಬುತ್ತಿ ಕಟ್ಟಿಕೊಟ್ಟು, ಟೈರು ಒತ್ತಿ ನೋಡಿ, ಎರಡೂ ಬ್ರೇಕು ಹಿಡಿದು ಸೈಕಲ್ಲು ಮುಂದೆ ನೂಕಿ ನೋಡುತ್ತೇನೆ. ಇವರೂ ಮೊನ್ನೆ ತಾವಾಗಿಯೇ “ಚೈನಿಗೆ ಎಣ್ಣಿ ಬಿಟ್ಟೀ ಏನ?” ಎಂದು ಕೇಳಿದರು!

ನೀವೂ ಇಂದೇ ನಿಮ್ಮ ಸೈಕಲ್ಲಿನ ಟೈರಿನ ಅಳತೆ, ವಾಲಿನ ಜಾತಿ, ಗೇರಿನ ಲೆಕ್ಕ ಒಂದು ಚೀಟಿಯಲ್ಲಿ ಬರೆದು ಮಸಾಲೆ ಡಬ್ಬಿಯ ಮುಚ್ಚಳದೊಳಗೆ ಅಂಟಿಸಿಡಿ. ಅಂಗಡಿಗೆ ಯಾರೇ ಹೋಗಲಿ, ಆ ಚೀಟಿ ಕೊಟ್ಟು ಕಳಿಸಿ. ಸಾಧ್ಯವಾದರೆ ಹಳೇ ಭಾಗವನ್ನೇ ಚೀಲದಲ್ಲಿ ಹಾಕಿ ಕಳಿಸಿ.