ಎರಡನೆಯ ಚಾವಿ ಎಲ್ಲಿರಬೇಕು?

ಮಳೆಗಾಲದ ಭಾನುವಾರ ಗೋಕಾಕ ಜಲಪಾತದ ಬಳಿ ಬೈಕುಗಳ ಸಾಲು ನೋಡಬೇಕು. ಮೂಡಲಗಿ, ಹುಕ್ಕೇರಿ, ಸಂಕೇಶ್ವರ ಕಡೆಯಿಂದ ಬಂದವರು ಗಾಡಿ ನಿಲ್ಲಿಸಿ, ಚಾವಿಯನ್ನು ಪ್ಯಾಂಟಿನ ಕಿಸೆಗೆ ಇಳಿಬಿಡುತ್ತಾರೆ. ಮೊಬೈಲ್ ಇರುವುದೂ ಅದೇ ಕಿಸೆಯಲ್ಲಿ. 52 ಮೀಟರ್ ಕೆಳಗೆ ಧುಮುಕುವ ಘಟಪ್ರಭೆಯ ಚಿತ್ರ ತೆಗೆಯಲು ಮೊಬೈಲ್ ಎಳೆದರೆ ಚಾವಿಯೂ ಅದರ ಹಿಂದೆಯೇ ಜಾರಿ ಬರುತ್ತದೆ. ಗಾಳಿಯ ತಡೆಯನ್ನು ಬದಿಗಿಟ್ಟು ಲೆಕ್ಕ ಹಾಕಿದರೆ, ಅಂಚಿನಿಂದ ಬಿದ್ದ ಚಾವಿ ತಳ ಮುಟ್ಟಲು ಮೂರು ಚಿಲ್ಲರೆ ಸೆಕೆಂಡು ಸಾಕು.

ಕಬ್ಬಿನ ಹೊಲದಲ್ಲಿ ಕಳೆದ ಚಾವಿಯೂ ಹೆಚ್ಚುಕಡಿಮೆ ಅಷ್ಟೇ ದೂರ. ಕಂಪನಿಯವರು ಚಾವಿಗೆ ಕೊಡುವ ಹಿಡಿಕೆ ಕಪ್ಪು ಪ್ಲಾಸ್ಟಿಕ್ಕಿನದು, ನಮ್ಮ ಎರೆ ಮಣ್ಣೂ ಕಪ್ಪು. ಕಣ್ಣು ಹುಡುಕುವುದು ವಸ್ತುವನ್ನಲ್ಲ, ಅದಕ್ಕೂ ಹಿನ್ನೆಲೆಗೂ ಇರುವ ವ್ಯತ್ಯಾಸವನ್ನು. ಚಾವಿಗೆ ಒಂದು ಗೇಣು ಕೇಸರಿ ಬಟ್ಟೆ ಕಟ್ಟಿದರೆ ಅರ್ಧ ಕೆಲಸ ಅಲ್ಲೇ ಮುಗಿಯಿತು.

ಇನ್ನರ್ಧ ಕೆಲಸ ಎರಡನೆಯ ಚಾವಿಯದು. ಹೊಸ ಗಾಡಿ ಕೊಂಡಾಗ ಎರಡು ಚಾವಿ ಕೊಡುತ್ತಾರೆ. ಒಂದು ಮನೆಯ ಟ್ರೆಜರಿ ಸೇರುತ್ತದೆ. ಅಲ್ಲಿ ಅದು ಭದ್ರ, ನಿಜ. ಆದರೆ ಗಾಡಿ ಗೋಕಾಕದಲ್ಲಿ, ಚಾವಿ ಮೂಡಲಗಿಯಲ್ಲಿ ಇದ್ದರೆ ಆ ಭದ್ರತೆಯಿಂದ ಏನು ಬಂತು? 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಅಂಚಿನ ಲೋಳಸೂರ ಸೇತುವೆ ಮುಳುಗಿತ್ತು. ಅಂಥ ದಿನ ಮನೆಗಿರುವ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಲಾಗದು. ಇತ್ತ ಚಾವಿಯನ್ನು ಜತೆಗೇ ಒಯ್ದರೆ, ಮೊದಲನೆಯದು ಹೋದ ದಾರಿಯಲ್ಲೇ ಎರಡನೆಯದೂ ಹೋಗುವ ಭಯ.

ಎರಡನ್ನೂ ಒಂದೇ ರಿಂಗಿಗೆ ಹಾಕುವವರನ್ನು ಕಂಡಾಗ ಅಚ್ಚರಿಯಾಗುತ್ತದೆ. ಅವರ ಬಳಿ ಇರುವುದು ತೂಕ ಹೆಚ್ಚಾದ ಒಂದೇ ಚಾವಿ. ಮೊದಲನೆಯದು ಕಳೆಯುವ ಸಂಭವ ನೂರಕ್ಕೆ ಒಂದು, ಎರಡನೆಯದರದೂ ಅಷ್ಟೇ ಎಂದುಕೊಳ್ಳೋಣ. ಒಂದು ಕಳೆಯುವುದಕ್ಕೂ ಇನ್ನೊಂದು ಕಳೆಯುವುದಕ್ಕೂ ಸಂಬಂಧವೇ ಇಲ್ಲದಿದ್ದರೆ ಎರಡೂ ಒಟ್ಟಿಗೆ ಹೋಗುವ ಸಂಭವ ಹತ್ತು ಸಾವಿರಕ್ಕೆ ಒಂದು. ಒಂದೇ ರಿಂಗಿನಲ್ಲಿದ್ದರೆ ಗುಣಾಕಾರದ ಆ ಲಾಭ ಪೂರ್ತಿ ಹೋಗಿ, ಲೆಕ್ಕ ಮತ್ತೆ ನೂರಕ್ಕೆ ಒಂದಕ್ಕೇ ಬಂದು ನಿಲ್ಲುತ್ತದೆ. ಎಂಜಿನಿಯರುಗಳು ಇದನ್ನು ಸಮಾನ ಕಾರಣದ ವೈಫಲ್ಯ ಎನ್ನುತ್ತಾರೆ. ದೊಡ್ಡವರೂ ಇಲ್ಲಿ ಎಡವಿದ್ದಾರೆ: 2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾ ಅಣುಸ್ಥಾವರದಲ್ಲಿ ಭೂಕಂಪದಿಂದ ಹೊರಗಿನ ವಿದ್ಯುತ್ ಹೋಯಿತು, ಬದಲಿ ಡೀಸೆಲ್ ಜನರೇಟರುಗಳು ಶುರುವಾದವು. ಸ್ವಲ್ಪ ಹೊತ್ತಿಗೆ ಬಂದ ಸುನಾಮಿಯ ನೀರು ಅವುಗಳಲ್ಲಿ ಬಹುತೇಕವನ್ನು ಒಟ್ಟಿಗೇ ನಿಲ್ಲಿಸಿತು. ಜನರೇಟರುಗಳ ಸಂಖ್ಯೆಗೆ ಕೊರತೆ ಇರಲಿಲ್ಲ. ಹೆಚ್ಚಿನವು ನೀರು ನುಗ್ಗುವ ತಗ್ಗಿನಲ್ಲಿದ್ದವು.

ಚಾವಿಗಳ ಗೊಂಚಲು ಭಾರವಾದರೆ ಇನ್ನೊಂದು ಅಪಾಯವೂ ಇದೆ. ಅಮೆರಿಕದ ಜನರಲ್ ಮೋಟಾರ್ಸ್ 2014ರಲ್ಲಿ ಲಕ್ಷಗಟ್ಟಲೆ ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಅವುಗಳ ಇಗ್ನಿಶನ್ ಸ್ವಿಚ್ ಎಷ್ಟು ಸಡಿಲವಾಗಿತ್ತೆಂದರೆ, ತೂಗಾಡುವ ಗೊಂಚಲಿನ ಭಾರಕ್ಕೇ ತಿರುಗಿ ಓಡುವ ಕಾರಿನ ಎಂಜಿನ್ ಬಂದ್ ಆಗಬಹುದಿತ್ತು, ಏರ್‌ಬ್ಯಾಗ್ ಕೈಕೊಡಬಹುದಿತ್ತು. 124 ಸಾವುಗಳಿಗೆ ಪರಿಹಾರ ಸಂದಿತು. ಬೈಕಿನ ಸ್ವಿಚ್ ಬೇರೆ ಬಗೆಯದು. ಆದರೂ ಕಬ್ಬಿನ ಟ್ರ್ಯಾಕ್ಟರುಗಳು ಕಿತ್ತುಹಾಕಿದ ರಸ್ತೆಯಲ್ಲಿ ದಿನವೂ ಕುಣಿಯುವ ಗೊಂಚಲು ಲಾಕಿನ ಒಳಗನ್ನು ಸವೆಸುತ್ತದೆ.

ಹಾಗಾದರೆ ಗಾಡಿಯಲ್ಲೇ ಅಡಗಿಸಿದರೆ? ಸೀಟಿನ ಕೆಳಗೆ ಎನ್ನುವುದು ಎಲ್ಲರಿಗೂ ಮೊದಲು ಹೊಳೆಯುವ ಉತ್ತರ, ಆ ಸೀಟನ್ನು ತೆರೆಯಲು ಸಾಮಾನ್ಯವಾಗಿ ಅದೇ ಚಾವಿ ಬೇಕು ಎಂಬುದು ಆಮೇಲೆ ಹೊಳೆಯುತ್ತದೆ. ಇನ್ನು ಚಾಸಿಗೆ ಅಂಟಿಸುವ ಅಯಸ್ಕಾಂತದ ಡಬ್ಬಿ. ಇದರ ಲೆಕ್ಕ ಸ್ವಾರಸ್ಯಕರ. ಡಬ್ಬಿ, ಚಾವಿ ಸೇರಿ 50 ಗ್ರಾಂ ಇವೆ. ನೇರವಾಗಿ ಕೀಳಲು ಒಂದು ಕಿಲೋ ತೂಕದಷ್ಟು ಬಲ ಬೇಕು ಎಂದಿಟ್ಟುಕೊಳ್ಳಿ. ಭದ್ರವಾಗಿಯೇ ಕಾಣುತ್ತದೆ. ಆದರೆ ನಿಂತ ಮೈಗೆ ಅಂಟಿಸಿದ ಡಬ್ಬಿ ಕಿತ್ತು ಬೀಳುವುದಿಲ್ಲ, ಜಾರಿ ಬೀಳುತ್ತದೆ. ಜಾರದಂತೆ ಹಿಡಿಯುವುದು ಘರ್ಷಣೆ ಮಾತ್ರ. ನುಣುಪು ಬಣ್ಣದ ಮೇಲೆ ಘರ್ಷಣಾಂಕ 0.2 ಇದ್ದರೆ ಹಿಡಿತ 200 ಗ್ರಾಮಿಗೆ ಇಳಿಯಿತು. ಗುಂಡಿಗೆ ಬಿದ್ದ ಗಾಡಿ ಗುರುತ್ವದ ಐದು ಪಟ್ಟು ಕುಲುಕಿದರೆ ಆ 50 ಗ್ರಾಂ ಕ್ಷಣಮಾತ್ರ 250 ಗ್ರಾಮಿನಂತೆ ಎಳೆಯುತ್ತದೆ. ಪ್ರತಿ ಗುಂಡಿಗೂ ಡಬ್ಬಿ ಕೂದಲೆಳೆಯಷ್ಟು ಸರಿಯುತ್ತ ಹೋಗುತ್ತದೆ. ನಡುವೆ ಕೆಸರಿನ ತೆಳು ಪದರ ಸೇರಿದರೂ ಅಯಸ್ಕಾಂತದ ಸೆಳೆತ ಕುಗ್ಗುತ್ತದೆ. ಸೈಲೆನ್ಸರಿನ ಹತ್ತಿರ ಇಟ್ಟರೆ ಇನ್ನೂ ಕಷ್ಟ, ಸಾಮಾನ್ಯ ದರ್ಜೆಯ ನಿಯೋಡಿಮಿಯಮ್ ಅಯಸ್ಕಾಂತ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಲ ಕಳೆದುಕೊಳ್ಳತೊಡಗುತ್ತದೆ.

ಜಾರದಂತೆ ಕಟ್ಟಿದಿರಿ ಎನ್ನೋಣ. ಬೈಕಿನಲ್ಲಿ ಅಡಗುತಾಣಗಳೇ ಕಡಿಮೆ, ಗಾಡಿ ಕದಿಯುವವನಿಗೆ ಅವೆಲ್ಲ ಪರಿಚಿತ. ಗುಪ್ತಲಿಪಿಯ ವಿಧಾನ ವೈರಿಗೆ ತಿಳಿದಿದ್ದರೂ ಸಂದೇಶ ಗುಟ್ಟಾಗಿಯೇ ಉಳಿಯಬೇಕು ಎಂದು ಆಗಸ್ಟ್ ಕೆರ್ಕಾಫ್ಸ್ 1883ರಲ್ಲಿ ಬರೆದದ್ದು ಸೈನ್ಯಕ್ಕಾಗಿ. ಹುಕ್ಕೇರಿ ಬಸ್‌ಸ್ಟ್ಯಾಂಡಿನ ಪಾರ್ಕಿಂಗಿಗೂ ಅದು ಸಲ್ಲುತ್ತದೆ. ಗಾಡಿ ಕಳುವಾದರೆ ವಿಮೆಯವರು ಸಾಮಾನ್ಯವಾಗಿ ಎರಡೂ ಮೂಲ ಚಾವಿ ಕೇಳುತ್ತಾರೆ. ಒಂದು ಗಾಡಿಯ ಜತೆಗೇ ಹೋಗಿದ್ದರೆ ಹೇಳಿಕೊಳ್ಳುವುದು ಕಷ್ಟ.

ಗಾಡಿಯಲ್ಲೂ ಬೇಡ, ಮನೆಯಲ್ಲೂ ಬೇಡ, ಮೊಬೈಲಿನ ಕಿಸೆಯಲ್ಲೂ ಬೇಡ ಎಂದ ಮೇಲೆ ಉಳಿಯುವುದು ಮೈ. ಈ ಸೀಮೆಯ ಹಿರಿಯರು ಪೆಟ್ಟಿಗೆಯ ಚಾವಿಯನ್ನು ಉಡದಾರಕ್ಕೆ ಕಟ್ಟಿಕೊಳ್ಳುತ್ತಿದ್ದರು, ಜನಿವಾರಕ್ಕೆ ಸಿಕ್ಕಿಸಿಕೊಂಡವರೂ ಉಂಟು. ಮೊಬೈಲ್ ಎಳೆದರೆ ಉಡದಾರ ಹೊರಬರುವುದಿಲ್ಲ. ಕಿಸೆ ಹರಿದರೆ, ಕೋಟು ಮರೆತರೆ, ಬ್ಯಾಗು ಕಳುವಾದರೆ ಅದಕ್ಕೆ ಸಂಬಂಧವಿಲ್ಲ. ಸಂಭವದ ಗಣಿತ ಕೇಳುವ ಸ್ವಾತಂತ್ರ್ಯ ಇದೇ. ನನ್ನ ಮಟ್ಟಿಗೆ ಇದನ್ನು ಮೀರಿಸಿದ ಜಾಗ ಬೈಕ್ ಸವಾರನಿಗಿಲ್ಲ. ಉಡದಾರ ಕಟ್ಟಲು ನಾಚುವ ಹುಡುಗರು ಬನಿಯನ್ನಿನ ಒಳಗಿಸೆಗೆ ಚಾವಿ ಹಾಕಿ ಎರಡು ಹೊಲಿಗೆ ಹಾಕಿಸಲಿ. ಎರಡು ಎಚ್ಚರ ಸಾಕು. ಬಿದ್ದಾಗ ಚಾವಿಯ ಮೊನೆ ಮೈಗೆ ಒತ್ತಬಾರದು: ಬಲ ಅಷ್ಟೇ ಇದ್ದರೂ ಅದು ತಗಲುವ ಜಾಗ ಕಿರಿದಾದಷ್ಟೂ ಒತ್ತಡ ಏರುತ್ತದೆ, ಆದ್ದರಿಂದ ದಪ್ಪ ತೊಗಲಿನ ತುಂಡಿನಲ್ಲಿ ಮಡಚಿಡಬೇಕು. ಬೆವರಿನ ಉಪ್ಪಿಗೆ ಹಿತ್ತಾಳೆ ಹಸಿರುಗಟ್ಟುತ್ತದೆ, ಆಗಾಗ ಒರೆಸಬೇಕು.

ವಿಮೆಯವರು ಕೇಳುವ ಮೂಲ ಚಾವಿ ಮನೆಯಲ್ಲೇ ಇರಲಿ; ಮೈಮೇಲೆ ಇಡುವುದು ಅದಲ್ಲ, ಅದರ ನಕಲು. ಆ ನಕಲನ್ನು ಯಾವುದರಿಂದ ಮಾಡಿಸುತ್ತೀರಿ ಎಂಬುದು ಮುಖ್ಯ. ಬೈಕಿನ ಲಾಕಿನೊಳಗೆ ಸ್ಪ್ರಿಂಗ್ ಕೂರಿಸಿದ ತೆಳು ಲೋಹದ ಬಿಲ್ಲೆಗಳ ಸಾಲು ಇರುತ್ತದೆ. ಸರಿಯಾದ ಚಾವಿಯ ಏರಿಳಿತಗಳು ಪ್ರತಿ ಬಿಲ್ಲೆಯನ್ನೂ ಅದರದೇ ಎತ್ತರಕ್ಕೆ ತಂದು ಒಳಗೆಳೆದಾಗ ಮಾತ್ರ ಸಿಲಿಂಡರ್ ತಿರುಗುತ್ತದೆ. ಚಾವಿ ಕತ್ತರಿಸುವ ಯಂತ್ರದಲ್ಲಿ ಒಂದು ಮೊನೆ ಹಳೆಯ ಚಾವಿಯ ಅಂಚನ್ನು ಸವರುತ್ತ ಹೋದಂತೆ ಇನ್ನೊಂದು ಕಡೆಯ ಚಕ್ರ ಹೊಸದನ್ನು ಕೊರೆಯುತ್ತದೆ. ಸವೆತ ಯಾವುದು, ಮೂಲ ಆಕಾರ ಯಾವುದು ಎಂಬುದು ಯಂತ್ರಕ್ಕೆ ತಿಳಿಯದು. ದಿನಬಳಕೆಯ ಚಾವಿ ಕೊಟ್ಟರೆ ಅದರ ಐದಾರು ವರ್ಷದ ಸವೆತವೂ ನಕಲಾಗಿ, ಕೊರೆತದ ತಪ್ಪು ಅದಕ್ಕೆ ಕೂಡುತ್ತದೆ. ಹಾಗಾಗಿ ಮನೆಯಲ್ಲಿ ಮಲಗಿರುವ ಸವೆಯದ ಚಾವಿಯನ್ನೇ ಅಂಗಡಿಗೆ ಒಯ್ಯಿರಿ. ಕೆಲವು ಹೊಸ ಗಾಡಿಗಳ ಚಾವಿಯ ಹಿಡಿಕೆಯಲ್ಲಿ ಬ್ಯಾಟರಿಯಿಲ್ಲದ ಸಣ್ಣ ಚಿಪ್ ಇರುತ್ತದೆ. ಲಾಕಿನ ಸುತ್ತಲ ಸುರುಳಿಯಿಂದ ಹೊಮ್ಮುವ ಕಾಂತಕ್ಷೇತ್ರದಿಂದಲೇ ಅದು ಶಕ್ತಿ ಪಡೆದು ಗುರುತು ಹೇಳುತ್ತದೆ. ಅಂಥ ಚಾವಿಯ ಬರಿ ಲೋಹದ ನಕಲು ಸೀಟು ತೆರೆದೀತು, ಎಂಜಿನ್ ಹೊತ್ತಿಸದು.

ನಕಲು ಕೈಗೆ ಬಂದಾಗ ಹೆಚ್ಚಿನವರು ಇಗ್ನಿಶನ್ನಿನಲ್ಲಿ ತಿರುಗಿಸಿ ನೋಡಿ ಹಣ ಕೊಟ್ಟುಬಿಡುತ್ತಾರೆ. ಪರೀಕ್ಷೆಗೆ ಅದು ಸರಿಯಾದ ಜಾಗವಲ್ಲ. ದಿನಕ್ಕೆ ಹತ್ತಾರು ಸಲ ತಿರುಗಿ ಸವೆದ ಆ ಲಾಕು ಅರೆಬರೆ ಚಾವಿಗೂ ಒಪ್ಪಿಬಿಡಬಹುದು. ವಾರಕ್ಕೊಮ್ಮೆಯಷ್ಟೇ ತೆರೆಯುವ ಪೆಟ್ರೋಲ್ ಟಾಕಿಯ ಮುಚ್ಚಳದ ಬಿಲ್ಲೆಗಳು ಇನ್ನೂ ಹರಿತವಾಗಿರುತ್ತವೆ, ತಪ್ಪನ್ನು ಮನ್ನಿಸುವುದಿಲ್ಲ. ಅಂಗಡಿಯ ಮುಂದೆ ನಿಂತೇ ಮೊದಲು ಅದನ್ನು, ಆಮೇಲೆ ಸೀಟನ್ನು, ಹ್ಯಾಂಡಲ್ ಲಾಕನ್ನು ತೆರೆದು ನೋಡಿ; ಎಲ್ಲಾದರೂ ಬಿಗಿ ಅನ್ನಿಸಿದರೆ ಬಲ ಹಾಕದೆ ಚಾವಿಯನ್ನು ಹಾಗೇ ಹೊರಗೆಳೆದು, ಮತ್ತೊಮ್ಮೆ ಅರ ಹಾಕಿಸಿಕೊಳ್ಳಿ.